ಒಂದು ಪೋಸ್ಟರ್, ನೂರು ವರ್ಷದ ಮಾತು

2018ರ ನವೆಂಬರ್. ಭಾರತಕ್ಕೆ ಬಂದಿದ್ದ ಟ್ವಿಟರ್ ಮುಖ್ಯಸ್ಥ ಜಾಕ್ ಡಾರ್ಸಿ, ದಲಿತ ಹೋರಾಟಗಾರ್ತಿಯೊಬ್ಬರು ಕೊಟ್ಟ ಪೋಸ್ಟರ್ ಹಿಡಿದು ಫೋಟೊ ತೆಗೆಸ್ಕೊಂಡ್ರು. ‘ಬ್ರಾಹ್ಮಣಶಾಹಿ ಪಿತೃಪ್ರಭುತ್ವವನ್ನು ಒಡೆಯಿರಿ’ ಅನ್ನೋ ಪೋಸ್ಟರ್ ಅದು. ಚಿತ್ರ ತೇನ್‌ಮೊಳಿ ಸೌಂದರರಾಜನ್ ಅವರದು. ಫೋಟೊ ಹೊರಬಿದ್ದದ್ದೇ ತಡ, ಬ್ರಾಹ್ಮಣ ದ್ವೇಷ ಅಂತ ಗದ್ದಲ. ಟ್ವಿಟರಿನ ಹಿರಿಯ ಅಧಿಕಾರಿ ಕ್ಷಮೆ ಕೇಳಿದ್ರು.

ಈ ಮಾತು ಟ್ವಿಟರಲ್ಲಿ ಹುಟ್ಟಿದ್ದಲ್ಲ. ಜಾತಿ ಉಳಿಯೋದೇ ಒಳಮದುವೆಯಿಂದ, ಅದಕ್ಕೇ ಹೆಣ್ಣಿನ ಮೇಲೆ ಅಷ್ಟು ಕಟ್ಟುಪಾಡು ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಮಂಡಿಸಿದ್ರು. 1993ರಲ್ಲಿ ಉಮಾ ಚಕ್ರವರ್ತಿ ‘ಬ್ರಾಹ್ಮಣಶಾಹಿ ಪಿತೃಪ್ರಭುತ್ವ’ದ ಬಗ್ಗೆ ವಿವರವಾಗಿ ಬರೆದ್ರು. ಆಗ ಇಲ್ಲದ ಗದ್ದಲ, ದಲಿತ ಹೆಣ್ಣುಮಕ್ಕಳು ಅದನ್ನ ಜಗತ್ತಿನ ಮುಂದೆ ಹಿಡಿದಾಗ ಯಾಕೆ?

ಸೋಶಿಯಲ್ ಮೀಡಿಯಾ ನಮ್ಮ ಕೈಗೆ ಮೈಕ್ ಕೊಟ್ಟಿದೆ, ನಾನು ಇಲ್ಲ ಅನ್ನಲ್ಲ. ಸ್ವಿಚ್ಚು ಮಾತ್ರ ಅವರ ಹತ್ರಾನೇ ಇದೆ. ಅದಕ್ಕೇ ಕೇರಿ ಸಭೆ, ಓದು, ಸಂಘಟನೆ ಬಿಡಬೇಡಿ.

ಜೈ ಭೀಮ್.