ಕೆ.ಜಿ.ಎಫ್. ನ್ಯೂಟ್ರಿನೊ ಶೋಧಕ ಮತ್ತು ಅದರ ಅಧಿಕ ವೋಲ್ಟೇಜ್ ನಿಯಂತ್ರಣ

ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿಗಳ (ಕೆ.ಜಿ.ಎಫ್.) ಪೈಕಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲಮಟ್ಟದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ 1965ರಲ್ಲಿ ಸ್ಥಾಪಿತವಾದ ಕಣಶೋಧಕ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದ ಮೊದಲ ಎರಡು ಪ್ರಯೋಗಗಳಲ್ಲಿ ಇದೂ ಒಂದು. ಇದರ ಬಗೆಗಿನ ಬರಹಗಳು ಬಹುಮಟ್ಟಿಗೆ ‘ಮೊದಲು ಕಂಡವರು ಯಾರು’ ಎಂಬ ಚರ್ಚೆಯಲ್ಲೇ ಮುಗಿಯುತ್ತವೆ. ಕ್ಷೀಣ ಸಂಕೇತವೊಂದು ಸಾವಿರಾರು ವೋಲ್ಟುಗಳಿಗೆ ಅಪ್ಪಣೆ ಕೊಡುವ ಏರ್ಪಾಡು ಈ ಶೋಧಕದ ಜೀವಾಳ. ಅದರ ಪ್ರಸ್ತಾಪ ಅಪರೂಪ.

ಗಣಿಗೆ ಅಧಿಕ ವೋಲ್ಟೇಜ್ ಹೊಸದಲ್ಲ. 1902ರ ಜೂನ್ 30ರಂದೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಮಾರ್ಗದಲ್ಲಿ ಇಲ್ಲಿಗೆ ವಿದ್ಯುತ್ ಬಂದಿತ್ತು. ಅದು ಆಗ ಜಗತ್ತಿನಲ್ಲೇ ಅತಿ ಉದ್ದದ ಮಾರ್ಗವಾಗಿತ್ತು ಎಂಬ ಮಾತು ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಅದಕ್ಕಿಂತ ಉದ್ದದ ಮಾರ್ಗವಿತ್ತು. 1950ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಈ ಗಣಿಗಳಲ್ಲಿ ವಿಶ್ವಕಿರಣಗಳ ಅಳತೆ ಶುರುಮಾಡಿದರು.

1965ರ ಶೋಧಕವನ್ನು ಆ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಕೂಡಿ ಕಟ್ಟಿದವು. ಅದರಲ್ಲಿದ್ದದ್ದು ಎದುರುಬದುರಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳು, ನಡುವೆ ನಿಯಾನ್ ತುಂಬಿದ ಗಾಜಿನ ನಳಿಕೆಗಳ ಸಾಲು. ಕಣ ಹಾಯ್ದಾಗ ಸಿಂಟಿಲೇಟರ್ ಮಿನುಗುತ್ತದೆ. ಆ ಬೆಳಕನ್ನು ಫೋಟೊಮಲ್ಟಿಪ್ಲೈಯರುಗಳು ಸಣ್ಣ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ನಾಲ್ಕು ಸಂಕೇತಗಳು ಏಕಕಾಲಕ್ಕೆ ಬಂದರೆ ಮಾತ್ರ ನಳಿಕೆಗಳ ಮೇಲೆ ಅಧಿಕ ವೋಲ್ಟೇಜಿನ ಸ್ಪಂದ ಬೀಳುತ್ತಿತ್ತು. ಕಣ ಹಾದುಹೋದ ನಳಿಕೆಗಳಷ್ಟೇ ಹೊಳೆಯುತ್ತಿದ್ದವು. ಕ್ಯಾಮೆರಾ ಆ ಜಾಡನ್ನು ಸೆರೆಹಿಡಿಯುತ್ತಿತ್ತು. ಕಣ ಬಿಟ್ಟುಹೋದ ಅಯಾನುಗಳು ಮಾಯವಾಗುವ ಮೊದಲೇ, ಅಂದರೆ ಮೈಕ್ರೋಸೆಕೆಂಡುಗಳಲ್ಲಿ, ಇಷ್ಟೂ ನಡೆಯಬೇಕಿತ್ತು.

ಇಂಥ ಏರ್ಪಾಡಿನ ನಿಜವಾದ ಕಷ್ಟ ಸಂಕೇತದ ಮತ್ತು ಅಧಿಕ ವೋಲ್ಟೇಜಿನ ಸರ್ಕ್ಯೂಟುಗಳು ಸೇರುವ ಕಡೆ ಇದೆ. ಅಧಿಕ ವೋಲ್ಟೇಜ್ ಹಿಂದಕ್ಕೆ ನುಗ್ಗಿದರೆ ಸಂಕೇತದ ಸರ್ಕ್ಯೂಟ್ ಸುಟ್ಟುಹೋಗುತ್ತದೆ, ಅಲ್ಲಿ ಕೈಯಿಟ್ಟವರ ಜೀವಕ್ಕೂ ಕುತ್ತು. ಆದ್ದರಿಂದ ಎರಡರ ನಡುವೆ ಪಲ್ಸ್ ಟ್ರಾನ್ಸ್‌ಫಾರ್ಮರಿನಂಥ ಸಾಧನವಿಟ್ಟು ನೇರ ಸಂಪರ್ಕ ತಪ್ಪಿಸುತ್ತಾರೆ. ಇಂದಿನ ಪರೀಕ್ಷಾಲಯಗಳಲ್ಲಿ ಆಪ್ಟಿಕಲ್ ಫೈಬರಿನ ಬಳಕೆ ಹೆಚ್ಚು. ಕೇಬಲಿಗೆ ಲೋಹದ ಕವಚ, ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಸ್ಪಂದದ ಗದ್ದಲವೇ ಸುಳ್ಳು ಸಂಕೇತವಾಗುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅರ್ತಿಗೆ ಜೋಡಿಸಿದ, ನಿರೋಧಕ ಹಿಡಿಯ ಕೋಲನ್ನು ಮುಟ್ಟಿಸಿ ಅದನ್ನು ಇಳಿಸಿದ ಮೇಲೆಯೇ ಕೈಹಾಕಬೇಕು.

ಯಾರು ಮೊದಲಿಗರು ಎಂಬುದಕ್ಕೆ ಎರಡು ಉತ್ತರಗಳಿವೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನಸ್ ತಂಡಕ್ಕೆ ಮೊದಲ ಘಟನೆ ದೊರೆತದ್ದು 1965ರ ಫೆಬ್ರವರಿ 23ರಂದು. ಪ್ರಕಟಣೆಯಲ್ಲಿ ಮಾತ್ರ ಕೆ.ಜಿ.ಎಫ್. ಮುಂದು: ಇದರ ಲೇಖನ ಆಗಸ್ಟ್ 15ರಂದು, ರೈನಸ್ ತಂಡದ್ದು ಆಗಸ್ಟ್ 30ರಂದು ಹೊರಬಂತು. ಒಂದೇ ದಿನಾಂಕ ಕೊಟ್ಟು ತೀರ್ಪು ಹೇಳುವ ಬರಹಗಳು ಓದುಗರನ್ನು ದಾರಿ ತಪ್ಪಿಸುತ್ತವೆ.

1980ರಲ್ಲಿ ಕೆ.ಜಿ.ಎಫ್.ನಲ್ಲಿ ಪ್ರೋಟಾನ್ ಕ್ಷಯದ ಹುಡುಕಾಟ ಆರಂಭವಾಯಿತು. ಆ ಶೋಧಕದ ಪ್ರಪೋರ್ಷನಲ್ ಕೌಂಟರುಗಳಿಗೆ ಅಧಿಕ ವೋಲ್ಟೇಜ್ ಸದಾ ಇರಬೇಕಿತ್ತು, ಸ್ಪಂದದ ಅಪ್ಪಣೆ ಬೇಕಿರಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.