ಮೈ ತಿಕ್ಕುವ ಕೈಗೆ ಪರವಾನಗಿ

ಹೆರಿಗೆಯಾದ ಮನೆಗೆ ಬೆಳಗಾಗುತ್ತಲೇ ಬಂದು, ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹುಯ್ದು ಹೋಗುವ ಹೆಂಗಸಿನ ಬಳಿ ನಮ್ಮ ಊರುಗಳಲ್ಲಿ ಯಾರೂ ಪರವಾನಗಿ ಕೇಳಿದ್ದಿಲ್ಲ. ಆಕೆಯ ಕೈಯ ಹದ ಊರಿನ ಅರ್ಧ ಮಂದಿಗೆ ತೊಟ್ಟಿಲಲ್ಲಿದ್ದಾಗಲೇ ಗೊತ್ತು. ಗುರುತು ಪರಿಚಯವಿಲ್ಲದ ಪೇಟೆಯಲ್ಲಿ ಹಣ ಕೊಟ್ಟು ಅಪರಿಚಿತರ ಕೈಗೆ ಮೈಯೊಪ್ಪಿಸುವ ಸಂದರ್ಭ ಬಂದಾಗಲೇ ಪ್ರಶ್ನೆ ಏಳುವುದು: ಈ ಕೈಯನ್ನು ನಂಬುವುದು ಹೇಗೆ? ಇಂದು ಸ್ಪಾ ಅಥವಾ ಮಾಲೀಸು ಕೇಂದ್ರ ತೆರೆಯಹೊರಟವರು ಪಾಲಿಕೆಯಲ್ಲಿ ಉದ್ದಿಮೆ ಪರವಾನಗಿಗೆ ಅರ್ಜಿ ತುಂಬುವಾಗ ಉತ್ತರಿಸುತ್ತಿರುವುದೂ ಇದೇ ಹಳೆಯ ಪ್ರಶ್ನೆಗೆ. ಆದರೆ ಚರಿತ್ರೆಯುದ್ದಕ್ಕೂ ಅಧಿಕಾರಿಗಳು ಅದನ್ನು ಒಂದೇ ರೀತಿಯಲ್ಲಿ ಕೇಳಿಲ್ಲ.

12ನೇ ಶತಮಾನದ ಸಿರಿಯಾದಲ್ಲಿ ಅಬ್ದುರ್ರಹ್ಮಾನ್ ಅಶ್ಶೈಝರಿ ಎಂಬವರು ಮಾರುಕಟ್ಟೆಯ ಮೇಲ್ವಿಚಾರಕರಿಗಾಗಿ ಒಂದು ಕೈಪಿಡಿ ಬರೆದರು. ಈ ಮೇಲ್ವಿಚಾರಕನಿಗೆ ಮುಹ್ತಸಿಬ್ ಎಂದು ಹೆಸರು. ತಕ್ಕಡಿಯ ಬಟ್ಟು ಸರಿಯಿದೆಯೇ, ಹಾಲಿಗೆ ನೀರು ಬೆರೆಸಿದ್ದಾರೆಯೇ, ರೊಟ್ಟಿ ಸುಡುವವನ ಹಿಟ್ಟು ಶುದ್ಧವೇ ಎಂದು ನೋಡುವುದು ಅವನ ದಿನನಿತ್ಯದ ಕೆಲಸ. ಕೈಪಿಡಿಯಲ್ಲಿ ಒಂದೊಂದು ಕಸುಬಿಗೂ ಒಂದೊಂದು ಅಧ್ಯಾಯವಿದೆ. ಅದರಲ್ಲೊಂದು ಹಮ್ಮಾಮಿಗೆ, ಅಂದರೆ ಸಾರ್ವಜನಿಕ ಬಿಸಿನೀರಿನ ಸ್ನಾನಗೃಹಕ್ಕೆ, ಮೀಸಲು.

ಆ ಅಧ್ಯಾಯವನ್ನು ಇಂದಿನ ಆರೋಗ್ಯ ನಿರೀಕ್ಷಕರು ಓದಿದರೂ ಬೆರಗಾದಾರು. ಹಮ್ಮಾಮನ್ನು ದಿನಕ್ಕೆ ಹಲವು ಬಾರಿ ಗುಡಿಸಿ ತೊಳೆಯಬೇಕು. ಸಾಬೂನಿನ ಜಿಡ್ಡಿಗೆ ಜನ ಜಾರಿ ಬೀಳದಂತೆ ನೆಲವನ್ನು ಒರಟಾದ ವಸ್ತುವಿನಿಂದ ಉಜ್ಜಬೇಕು. ದಿನಕ್ಕೆ ಎರಡು ಬಾರಿ ಧೂಪ ಹಾಕಬೇಕು. ಚರ್ಮದ ಕೆಲಸದವರು ಅಲ್ಲಿ ತೊಗಲು ತೊಳೆಯಕೂಡದು. ವಾಸನೆಯಿಂದ ಮೀಯಲು ಬಂದವರಿಗೆ ತೊಂದರೆ. ನಮಾಝಿಗೆ ಮುನ್ನ ಶುದ್ಧಿಯಾಗಬೇಕಾದವರು ಇರುತ್ತಾರಾದ್ದರಿಂದ ನಸುಕಿನಲ್ಲೇ ಬಾಗಿಲು ತೆರೆಯಬೇಕು. ಸ್ವಂತ ಪಂಚೆಯಿಲ್ಲದ ಪರದೇಶಿಗಳಿಗೂ ಬಡವರಿಗೂ ಕೊಡಲು ಯಜಮಾನನ ಬಳಿ ಪಂಚೆಗಳು ಇರಬೇಕು. ಬಿಚ್ಚಿಟ್ಟ ಬಟ್ಟೆ ಕಳುವಾದರೆ ಕಾವಲುಗಾರ ಹೊಣೆ.

ಮೈ ತಿಕ್ಕುವವನ ವಿಷಯಕ್ಕೆ ಬಂದಾಗ ಶೈಝರಿ ಇನ್ನೂ ಸೂಕ್ಷ್ಮವಾಗುತ್ತಾರೆ. ಅವನು ತನ್ನ ಅಂಗೈಗೆ ದಾಳಿಂಬೆಯ ಸಿಪ್ಪೆ ಉಜ್ಜಿಕೊಳ್ಳಬೇಕು. ಅಂಗೈ ಒರಟಾದರೆ ಕೊಳೆ ಚೆನ್ನಾಗಿ ಹೋಗುತ್ತದೆ, ಮೀಯುವವನಿಗೂ ಹಿತ. ಬೇಳೆಕಾಳಿನಿಂದ ಮೈ ಉಜ್ಜಬಾರದು, ಏಕೆಂದರೆ ಅದು ಅನ್ನ, ಅದಕ್ಕೆ ಅವಮಾನವಾಗಬಾರದು. ಅಲ್ಲಿಯ ಕ್ಷೌರಿಕ ತನ್ನ ಸರದಿಯ ದಿನ ಈರುಳ್ಳಿ, ಬೆಳ್ಳುಳ್ಳಿ ತಿನ್ನಬಾರದು. ಬಾಗಿ ಕೆಲಸ ಮಾಡುವಾಗ ಅವನ ಉಸಿರು ಗಿರಾಕಿಯ ಮುಖಕ್ಕೆ ತಾಗುತ್ತದಲ್ಲ! (ನಮ್ಮಲ್ಲಿ ಬೈಗುಳವಾಗಿಬಿಟ್ಟಿರುವ 'ಹಜಾಮ' ಎಂಬ ಪದದ ಮೂಲವೂ ಅರಬಿಯ 'ಹಜ್ಜಾಮ್'. ಕೊಂಬು ಹಾಕಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕನಿಗೆ ಇದ್ದ ಹೆಸರದು.)

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ನಿಯಮಗಳೆಲ್ಲ ನೆಲ, ನೀರು, ಪಂಚೆ, ಅಂಗೈ, ಉಸಿರಿಗೆ ಸಂಬಂಧಿಸಿದವು. ಸರಿಸುಮಾರು ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಸ್ನಾನಭೋಗದ ಬಗ್ಗೆ ಬರೆದ. ಅದು ಅರಸನ ಅಭ್ಯಂಜನದ ವೈಭವ. ಶೈಝರಿಯವರ ಚಿಂತೆ ಪಂಚೆಯಿಲ್ಲದ ದಾರಿಹೋಕನದು.

ಕಸುಬನ್ನು ಬಿಟ್ಟು ಕಸುಬುದಾರನ ಮೇಲೆ ಸರಕಾರದ ಕಣ್ಣು ಬಿದ್ದುದಕ್ಕೆ ಇಸ್ತಾಂಬುಲ್ ಒಳ್ಳೆಯ ಉದಾಹರಣೆ. 1730ರಲ್ಲಿ ಅಲ್ಲಿ ದೊಡ್ಡ ದಂಗೆಯೆದ್ದು ಸುಲ್ತಾನ್ ಮೂರನೆಯ ಅಹ್ಮದ್ ಪಟ್ಟ ಕಳೆದುಕೊಂಡ. ದಂಗೆಯ ಮುಂದಾಳು ಪತ್ರೋನಾ ಹಲೀಲ್ ಅಲ್ಬೇನಿಯಾ ಮೂಲದವನು. ಹಿಂದೆ ಹಮ್ಮಾಮಿನಲ್ಲಿ ಮೈ ತಿಕ್ಕುವ 'ತೆಲ್ಲಾಕ್' ಆಗಿದ್ದನೆಂದು ಪ್ರತೀತಿ. ಅವನನ್ನು ಕೊಂದ ಮೇಲೂ ಆಸ್ಥಾನದ ಭಯ ಅಡಗಲಿಲ್ಲ. ಹಮ್ಮಾಮುಗಳಲ್ಲಿ ಅಲ್ಬೇನಿಯಾದವರನ್ನು ಕೆಲಸಕ್ಕೆ ಇಟ್ಟುಕೊಳ್ಳದಂತೆ ಫರ್ಮಾನುಗಳು ಹೊರಟವು. ಕೆಲಸಗಾರರ ಹೆಸರು, ಊರುಗಳನ್ನು ದಾಖಲಿಸಲಾಯಿತು. 1752ರ ಅಂಥ ಒಂದು ದಫ್ತರ್ ಉಳಿದು ಬಂದಿದೆ. ಇಷ್ಟೆಲ್ಲ ಆದರೂ ಅದರಲ್ಲಿ ಅಲ್ಬೇನಿಯಾದವರು ಇದ್ದಾರೆ! ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದವನು, ಅವನ ಹಿಂದೆಯೇ ಬಂದ ತಮ್ಮ, ನೆರೆಮನೆಯವನು. ಈ ಸರಪಣಿಯನ್ನು ಫರ್ಮಾನು ಅಷ್ಟು ಸುಲಭವಾಗಿ ಕಡಿಯಲಾರದು.

ಯಾವ ದಫ್ತರೂ ಯಾವ ಮುಹ್ತಸಿಬನೂ ಇಲ್ಲದ ಕಡೆ ಏನಾಗುತ್ತಿತ್ತು? ಅದಕ್ಕೆ ನಮ್ಮವರೇ ಒಬ್ಬರ ಕಥೆಯಿದೆ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮುಹಮ್ಮದ್ ಹುಡುಗನಾಗಿದ್ದಾಗಲೇ ಈಸ್ಟ್ ಇಂಡಿಯಾ ಕಂಪೆನಿಯ ಸೇನೆಯ ಬೆನ್ನು ಹತ್ತಿ, 1784ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣ ಸೇರಿದರು. ಅಲ್ಲಿ ಜೇನ್ ಡೇಲಿ ಎಂಬವರನ್ನು ವರಿಸಿದರು. ಆ ಹೊತ್ತಿಗೆ ಆಂಗ್ಲಿಕನ್ ಚರ್ಚನ್ನೂ ಸೇರಿದ್ದರು. 1794ರಲ್ಲಿ ತಮ್ಮ ಪ್ರವಾಸಕಥನವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1810ರಲ್ಲಿ ಲಂಡನ್ನಿನಲ್ಲಿ ಹಿಂದುಸ್ತಾನಿ ಕಾಫಿ ಹೌಸ್ ತೆರೆದು ಎರಡೇ ವರ್ಷದಲ್ಲಿ ದಿವಾಳಿಯಾದರು. ಆಮೇಲೆ ಕೈಹಿಡಿದದ್ದು ತವರಿನ ಚಂಪಿ.

ಸಮುದ್ರ ತೀರದ ಬ್ರೈಟನ್ನಿನಲ್ಲಿ ಅವರು ಆರಂಭಿಸಿದ ಸ್ನಾನಗೃಹದ ವ್ಯವಸ್ಥೆ ಸ್ವಾರಸ್ಯಕರ. ಗಿಡಮೂಲಿಕೆ ಬೆರೆತ ಹಬೆಯ ನಡುವೆ ಗಿರಾಕಿಯನ್ನು ಫ್ಲಾನೆಲ್ ಬಟ್ಟೆಯ ಗುಡಾರದೊಳಗೆ ಕೂರಿಸುತ್ತಿದ್ದರು. ಗುಡಾರಕ್ಕೆ ತೋಳುಗಳಿದ್ದವು. ತಿಕ್ಕುವವನು ಹೊರಗೆ ನಿಂತು ಆ ತೋಳುಗಳೊಳಗೆ ಕೈ ತೂರಿಸಿ ಮೈ ಹಿಸುಕುತ್ತಿದ್ದ. ಹೆಂಗಸರ ವಿಭಾಗವನ್ನು ಜೇನ್ ನೋಡಿಕೊಳ್ಳುತ್ತಿದ್ದರು. ಹಿಂದಿಯ 'ಚಾಂಪೋ' ಎಂಬ ಮಾತೇ ಇಂಗ್ಲಿಷಿನಲ್ಲಿ 'ಶಾಂಪೂ' ಆಗಿತ್ತು. ಆಗ ಅದರ ಅರ್ಥ ಅಂಗಮರ್ದನ ಎಂದೇ ಹೊರತು ಸೀಸೆಯಲ್ಲಿ ಬರುವ ತಲೆಸಾಬೂನು ಎಂದಲ್ಲ.

ಮೊದಮೊದಲು ಜನ ಇದನ್ನು ಮೋಸವೆಂದೇ ಬಗೆದರು. ತೋರಿಸಲು ಕಾಗದವಿಲ್ಲ. ಅದನ್ನು ಕೊಡುವ ಕಚೇರಿಯೂ ಇಲ್ಲ. ದೀನ್ ಮುಹಮ್ಮದರು ಹಿಡಿದ ದಾರಿ ಬೇರೆ. ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಪ್ರದರ್ಶನಕ್ಕಿಟ್ಟರು, ಅವರ ಪ್ರಶಂಸಾ ಪತ್ರಗಳನ್ನು ಸೇರಿಸಿ 1822ರಲ್ಲಿ ಪುಸ್ತಕ ಹೊರತಂದರು. ಕೊನೆಗೆ ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳ 'ಶಾಂಪೂಯಿಂಗ್ ಸರ್ಜನ್' ಆದರು. ಆದರೆ ಒಂದು ಮಾತನ್ನು ಮರೆಮಾಚುವಂತಿಲ್ಲ. ಅವರು ತಮ್ಮ ವಯಸ್ಸಿಗೆ 10 ವರ್ಷ ಸೇರಿಸಿಕೊಂಡರು; ಸೇನೆಗೆ ಸೇರುವ ಮುನ್ನ ವೈದ್ಯಕೀಯ ಕಲಿತೆನೆಂದು ಹೇಳಿಕೊಂಡರು. ಅದು ನಿಜವಲ್ಲವೆಂದು ಅವರ ಜೀವನವನ್ನು ಅಭ್ಯಸಿಸಿದವರು ತೋರಿಸಿದ್ದಾರೆ. ಅರ್ಹತೆಯನ್ನು ಅಳೆಯುವವರಿಲ್ಲದ ಕಡೆ ನಿಜವಾದ ಕೈಗುಣ ಇದ್ದವರೂ ಸುಳ್ಳಿನ ಆಸರೆ ಪಡೆಯಬೇಕಾಯಿತು. ಪರವಾನಗಿ ಎಂದರೆ ಬರೀ ಕಾಟವೆನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅವರು 1851ರಲ್ಲಿ ತೀರಿಕೊಂಡರು. ನಾಲ್ಕು ದಶಕಗಳ ನಂತರ, 1894ರಲ್ಲಿ, ಬ್ರಿಟಿಷ್ ವೈದ್ಯಕೀಯ ಸಂಘದ ಪತ್ರಿಕೆ ಲಂಡನ್ನಿನ ಮಾಲೀಸು ಕೇಂದ್ರಗಳಲ್ಲಿ ಅನೈತಿಕ ದಂಧೆ ನಡೆಯುತ್ತಿದೆಯೆಂದು ಬಯಲಿಗೆಳೆಯಿತು. ಹಗರಣದ ಕೆಸರು ಎಲ್ಲರಿಗೂ ಸಿಡಿಯಿತು, ಆಸ್ಪತ್ರೆಗಳಲ್ಲಿ ಪ್ರಾಮಾಣಿಕವಾಗಿ ಅಂಗಮರ್ದನ ಮಾಡುತ್ತಿದ್ದ ದಾದಿಯರಿಗೂ. ಆಗ ಲೂಸಿ ರಾಬಿನ್ಸನ್, ರೊಸಾಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಮಹಿಳೆಯರು ಸರಕಾರದ ದಾರಿ ಕಾಯದೆ ತಮ್ಮದೇ ಸಂಘ ಕಟ್ಟಿದರು. ಪರೀಕ್ಷೆ ಇಟ್ಟರು, ಪ್ರಮಾಣಪತ್ರ ಕೊಟ್ಟರು, ಕಠಿಣ ನಿಯಮಗಳನ್ನು ಹಾಕಿಕೊಂಡರು: ವೈದ್ಯರ ಸೂಚನೆಯಿಲ್ಲದೆ ಗಂಡಸರಿಗೆ ಮಾಲೀಸು ಇಲ್ಲ, ಸಾಮಾನ್ಯ ಪತ್ರಿಕೆಗಳಲ್ಲಿ ಜಾಹೀರಾತು ಇಲ್ಲ. 1920ರಲ್ಲಿ ಆ ಸಂಘಕ್ಕೆ ರಾಜಮನ್ನಣೆಯ ಸನ್ನದು ಸಿಕ್ಕಿತು. ಇಂದು ಬ್ರಿಟನ್ನಿನಲ್ಲಿ ಫಿಸಿಯೋಥೆರಪಿಸ್ಟರ ಮಾನ್ಯ ಸಂಸ್ಥೆ ಅದೇ.

ಸರಕಾರಿ ಕಾಗದ ಬಂದದ್ದು ಅನಂತರ. ಲಂಡನ್ ಕೌಂಟಿ ಕೌನ್ಸಿಲ್ 20ನೇ ಶತಮಾನದ ಎರಡನೆಯ ದಶಕದಲ್ಲಿ ಈ ಕೇಂದ್ರಗಳ ಮೇಲೆ ಹಿಡಿತ ಸಾಧಿಸತೊಡಗಿತು. 1920ರ ಕಾಯ್ದೆಯಂತೆ ಮಾಲೀಸು, ಉಗುರು ಮತ್ತು ಪಾದಗಳ ಆರೈಕೆ, ಹಬೆ ಸ್ನಾನ ನಡೆಸುವ ಜಾಗಗಳಿಗೆ ಲೈಸೆನ್ಸ್ ಬೇಕಾಯಿತು. ದೀನ್ ಮುಹಮ್ಮದರ ಗುಡಾರದಂಥದ್ದನ್ನು ಆಗ ಲಂಡನ್ನಿನಲ್ಲಿ ಹೂಡಬೇಕಿದ್ದರೆ ಮೊದಲು ಕೌನ್ಸಿಲಿನ ಬಾಗಿಲು ತಟ್ಟಬೇಕಿತ್ತು.

ಇನ್ನು ನಮ್ಮ ದೇಶ. ಕರ್ನಾಟಕದಲ್ಲಿ ಕೇಂದ್ರ ತೆರೆಯುವವರಿಗೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಆಯುರ್ವೇದ ಚಿಕಿತ್ಸೆಯೆಂದು ಫಲಕ ಹಾಕಿದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿಯೂ ಬೇಕಾಗುತ್ತದೆ. ಹೆಚ್ಚು ಸದ್ದು ಮಾಡಿದ್ದು ದೆಹಲಿ. 2021ರಲ್ಲಿ ಅಲ್ಲಿ ಜಾರಿಯಾದ ಮಾರ್ಗಸೂಚಿಯಂತೆ ಗಂಡಸರಿಗೆ ಗಂಡಸರೇ, ಹೆಂಗಸರಿಗೆ ಹೆಂಗಸರೇ ಮಾಲೀಸು ಮಾಡಬೇಕಿತ್ತು. ಕೋಣೆಗಳ ಬಾಗಿಲಿಗೆ ಒಳಗಿನ ಚಿಲಕ ಇರಕೂಡದಿತ್ತು. ಕೆಲಸಗಾರರ ಬಳಿ ಗುರುತಿನ ಚೀಟಿ, ತರಬೇತಿಯ ಪ್ರಮಾಣಪತ್ರ ಇರಬೇಕಿತ್ತು. ಕೆಲಸಗಾರರೂ ಮಾಲೀಕರೂ ಹೈಕೋರ್ಟಿಗೆ ಹೋದರು. ಅದೇ ಡಿಸೆಂಬರಿನಲ್ಲಿ ನ್ಯಾಯಾಲಯ ಸ್ತ್ರೀಪುರುಷ ಮಾಲೀಸಿನ ಸಂಪೂರ್ಣ ನಿಷೇಧಕ್ಕೆ ತಡೆ ಕೊಟ್ಟಿತು. ಸ್ಪಾಗಳನ್ನು ನಿಯಂತ್ರಿಸುವ ಉದ್ದೇಶಕ್ಕೂ ಈ ನಿಷೇಧಕ್ಕೂ ಸಮಂಜಸ ಸಂಬಂಧ ಕಾಣುತ್ತಿಲ್ಲ ಎಂಬುದು ಅದರ ಮೇಲ್ನೋಟದ ಅಭಿಪ್ರಾಯ. ಜೊತೆಗೆ, ಪರವಾನಗಿಯಿಲ್ಲದ ಕೇಂದ್ರಗಳು ನಡೆಯದಂತೆ ನೋಡಿಕೊಳ್ಳಲೂ ಹೇಳಿತು.

ಅನ್ಯರೊಡನೆ ದೇಹದ ಮರ್ಯಾದೆ ಕಾಯುವವರಿಗೆ, ಅದರಲ್ಲೂ ನಮ್ಮಂಥ ಮನೆಗಳ ಹೆಣ್ಣುಮಕ್ಕಳಿಗೆ, ಪ್ರತ್ಯೇಕ ವಿಭಾಗವಿರುವ ಜಾಗ ಬೇಕೇ ಬೇಕು. ಅದನ್ನು ಕೇಳುವುದು ಗಿರಾಕಿಯ ಹಕ್ಕು. ಆದರೆ ಪೊಲೀಸರು ದಾಳಿಯಿಟ್ಟ ಮರುದಿನದ ಸುದ್ದಿಯನ್ನು ಓದಿ ನೋಡಿ. ನೆಲ ತೊಳೆದಿತ್ತೇ, ಟವೆಲು ಒಗೆದಿತ್ತೇ, ಕೆಲಸದ ಹುಡುಗಿಗೆ ಸಂಬಳ ಸಿಕ್ಕಿತ್ತೇ ಎಂಬುದು ಅಲ್ಲಿ ಬರುವುದು ಅಪರೂಪ. ಅವಳು ಮಣಿಪುರದವಳೋ, ಮಿಝೋರಾಮಿನವಳೋ, ಥೈಲ್ಯಾಂಡಿನವಳೋ ಎಂಬುದು ಮಾತ್ರ ಮೊದಲ ಸಾಲಿನಲ್ಲೇ ಇರುತ್ತದೆ. 1752ರ ದಫ್ತರ್ ಬರೆದ ಗುಮಾಸ್ತನೂ ತೆಲ್ಲಾಕನ ಹೆಸರಿನ ಪಕ್ಕದಲ್ಲಿ ಬರೆದಿಟ್ಟದ್ದು ಅವನ ಊರನ್ನೇ.