ಭಾರತದಲ್ಲಿ ಔಷಧ ಮೂಲವಸ್ತುಗಳ ಪೂರೈಕೆ

ಮಾತ್ರೆಯಲ್ಲಿ ಕಾಯಿಲೆಯ ಮೇಲೆ ಕೆಲಸ ಮಾಡುವ ಅಂಶವನ್ನು ಔಷಧ ಉದ್ಯಮದವರು ಬಲ್ಕ್ ಡ್ರಗ್ ಅಥವಾ ಎಪಿಐ ಎನ್ನುತ್ತಾರೆ. ಉಳಿದದ್ದು ಪಿಷ್ಟ, ಬಣ್ಣ, ಲೇಪ. ಜಗತ್ತಿನ ಬಹುತೇಕ ದೇಶಗಳಿಗೆ ಅಗ್ಗದ ಮಾತ್ರೆ ಕಳಿಸುವ ಭಾರತ, ತಾನು ಆಮದು ಮಾಡಿಕೊಳ್ಳುವ ಈ ಮೂಲವಸ್ತುವಿನ ಸುಮಾರು ಮೂರನೇ ಎರಡು ಭಾಗಕ್ಕೆ ಚೀನಾವನ್ನೇ ನೆಚ್ಚಿಕೊಂಡಿದೆ. ಈ ವೈಚಿತ್ರ್ಯ ಕೊರೋನಾ ಕಾಲದಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಹುಟ್ಟಿದ್ದು ಮಾತ್ರ ಬಹಳ ಹಿಂದೆ.

ಆರಂಭದಲ್ಲಿ ದೇಶದ ನಡೆ ಇದಕ್ಕೆ ತದ್ವಿರುದ್ಧವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಗಿ ಪೆನ್ಸಿಲಿನ್ ತಯಾರಿಸತೊಡಗಿತು. ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು; ಹ್ಯಾಮೈಸಿನ್ ಎಂಬ ಔಷಧ ಅಲ್ಲಿಯೇ ಹೊರಬಂತು. 1961ರಲ್ಲಿ ಸೋವಿಯತ್ ನೆರವಿನ ಸರ್ಕಾರಿ ಕಂಪನಿ ಐಡಿಪಿಎಲ್ ಬಂತು: ಋಷಿಕೇಶದಲ್ಲಿ ಆಂಟಿಬಯೋಟಿಕ್, ಹೈದರಾಬಾದಿನಲ್ಲಿ ರಾಸಾಯನಿಕ ಔಷಧಗಳು. ಡಾ. ರೆಡ್ಡೀಸ್ ಕಂಪನಿ ಕಟ್ಟಿದ ಅಂಜಿ ರೆಡ್ಡಿ ಸಹ ಐಡಿಪಿಎಲ್‌ನಲ್ಲಿ ದುಡಿದವರೇ. 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನಕ್ಕಷ್ಟೇ ಕೊಟ್ಟಿತು. ಖಾಸಗಿ ಕಂಪನಿಗಳು ಬೆಳೆದದ್ದು ಆ ನೆಲದಲ್ಲಿ.

ಪೆಟ್ಟು ಬಿದ್ದದ್ದು 1990ರ ದಶಕದಲ್ಲಿ. ಆಮದು ಸಡಿಲವಾಯಿತು, ಚೀನಾದ ಸರಕು ಇಲ್ಲಿನ ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಸಿಗತೊಡಗಿತು. ಪೆನ್ಸಿಲಿನ್-ಜಿಯನ್ನೇ ನೋಡಿ. ಅದನ್ನು ಕೊಡುವ ಬೂಷ್ಟನ್ನು ದೈತ್ಯ ತೊಟ್ಟಿಗಳಲ್ಲಿ ದಿನಗಟ್ಟಲೆ ಹುದುಗಿಸಬೇಕು. ಗಾಳಿ ಊದುತ್ತಿರಬೇಕು, ಉಷ್ಣತೆ ಏರಬಾರದು, ಬೇರೆ ಸೂಕ್ಷ್ಮಜೀವಿ ನುಸುಳಿದರೆ ತೊಟ್ಟಿಯ ಸರಕೆಲ್ಲ ಹಾಳು. ವಿದ್ಯುತ್ತು ಅಗ್ಗವಾಗಿರಬೇಕು, ಉತ್ಪಾದನೆ ಭಾರಿ ಪ್ರಮಾಣದಲ್ಲಿರಬೇಕು. ಚೀನಾ ಎರಡನ್ನೂ ಒದಗಿಸಿಕೊಂಡಿತು. ಇಲ್ಲಿನ ತೊಟ್ಟಿಗಳು ಒಂದೊಂದಾಗಿ ನಿಂತವು. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ಗಳೆಲ್ಲ ಪೆನ್ಸಿಲಿನ್-ಜಿಯಿಂದಲೇ ತಯಾರಾಗುವುದರಿಂದ ಅವುಗಳ ಜುಟ್ಟು ಚೀನಾದ ಕೈಗೆ ಹೋಯಿತು. ವಿದ್ಯೆ ಗೊತ್ತಿಲ್ಲದೆ ಸೋತದ್ದಲ್ಲ, ಲೆಕ್ಕದಲ್ಲಿ ಸೋತದ್ದು.

ಎಚ್ಚರಿಕೆ ಇರಲಿಲ್ಲವೆಂದಲ್ಲ. ಮೂಲವಸ್ತುಗಳ ವಿಷಯವಾಗಿಯೇ ಸರ್ಕಾರ ನೇಮಿಸಿದ್ದ ವಿ. ಎಂ. ಕಟೋಚ್ ಸಮಿತಿ 2015ರಲ್ಲೇ ವರದಿ ಕೊಟ್ಟಿತ್ತು. ಕಡತ ಕದಲಿಸಲು ವೈರಸ್ಸೇ ಬರಬೇಕಾಯಿತು.

ಚೀನಾದ ಹುಬೈ ಪ್ರಾಂತ್ಯಕ್ಕೆ ಬೀಗ ಬಿದ್ದಾಗ, 2020ರ ಮಾರ್ಚ್ 3ರಂದು ಭಾರತ ಪ್ಯಾರಾಸಿಟಮಾಲ್ ಸೇರಿ 26 ಮೂಲವಸ್ತು ಮತ್ತು ಔಷಧಗಳ ರಫ್ತಿಗೆ ನಿರ್ಬಂಧ ಹಾಕಿತು. ಏಪ್ರಿಲ್‌ನಲ್ಲಿ ಹೆಚ್ಚಿನವನ್ನು ಸಡಿಲಿಸಿತು. ಅದೇ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಗೆ ಒಪ್ಪಿಗೆ ಕೊಟ್ಟಿತು: 6,940 ಕೋಟಿ ರೂಪಾಯಿ, 41 ಉತ್ಪನ್ನಗಳು. ಜೊತೆಗೆ ಮೂರು ಬಲ್ಕ್ ಡ್ರಗ್ ಪಾರ್ಕ್‌ಗಳಿಗೆ 3,000 ಕೋಟಿ. ಯಾದಗಿರಿ ಜಿಲ್ಲೆಯ ಕಡೇಚೂರಿಗಾಗಿ ಕರ್ನಾಟಕವೂ ಕೇಳಿತ್ತು. 2022ರಲ್ಲಿ ಪಾರ್ಕ್‌ಗಳು ಗುಜರಾತ್, ಹಿಮಾಚಲ ಪ್ರದೇಶ, ಆಂಧ್ರಪ್ರದೇಶಗಳ ಪಾಲಾದವು.

ಸುಮಾರು ಮೂರು ದಶಕಗಳ ಬಳಿಕ, 2024ರಲ್ಲಿ, ಆಂಧ್ರದ ಕಾಕಿನಾಡ ಬಳಿ ಅರಬಿಂದೋ ಫಾರ್ಮಾದ ಅಂಗಸಂಸ್ಥೆ ಲೈಫಿಯಸ್ ಮತ್ತೆ ಪೆನ್ಸಿಲಿನ್-ಜಿ ತಯಾರಿಸತೊಡಗಿತು. ಘಟಕದ ವಾರ್ಷಿಕ ಸಾಮರ್ಥ್ಯ 15,000 ಟನ್. ಆದರೆ ಹಳೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ: ಚೀನಾದ ಸರಕಿನ ಬೆಲೆ ಮತ್ತೆ ಇಳಿಯಿತು, ಕನಿಷ್ಠ ಆಮದು ಬೆಲೆ ನಿಗದಿಪಡಿಸಿ ಎಂದು ತಯಾರಕರು ಸರ್ಕಾರದ ಮೊರೆಹೋದರು. ಹಾಗೆ ನಿಗದಿಪಡಿಸಿದರೆ ಕಚ್ಚಾವಸ್ತುವನ್ನು ಕೊಂಡು ಮಾತ್ರೆ ಮಾಡುವ ಸಣ್ಣ ಕಂಪನಿಗಳ ಖರ್ಚೂ ಏರುತ್ತದೆ.